ಇರಾನಿ ಸಿನಿಮಾ ಮತ್ತು ನಮ್ಮ ಮೆಚ್ಚುಗೆಯ ಮಾತುಗಳು

ಜಗತ್ತಿನ ಒಳ್ಳೆಯ ಸಿನಿಮಾಗಳ ಮಾತು ಬಂದಾಗಲೆಲ್ಲ ನಮ್ಮ ನಡುವೆ ಇರಾನಿನ ಹೆಸರು ಬಂದೇ ಬರುತ್ತದೆ. ಚಿತ್ರಸಮಾಜಗಳ ಪ್ರದರ್ಶನ ಮುಗಿದ ಮೇಲಿನ ಸಂವಾದಗಳಲ್ಲಿ, ಕಾಲೇಜು ಹುಡುಗರ ಹರಟೆಯಲ್ಲಿ, ಪತ್ರಿಕೆಗಳ ಸಿನಿಮಾ ಪುಟಗಳಲ್ಲಿ ಕಿಯಾರೊಸ್ತಮಿ, ಮಜೀದಿ, ಮಖ್ಮಲ್‌ಬಾಫ್, ಪನಾಹಿ, ಫರ್ಹಾದಿ ಎಂಬ ಹೆಸರುಗಳು ಈಗ ಅಪರಿಚಿತವಲ್ಲ. ಇದು ಸಂತೋಷದ ಸಂಗತಿ. ಆದರೆ ಈ ಚಿತ್ರಗಳನ್ನು ಮೆಚ್ಚಿದವರು ಆಡುವ ಮಾತುಗಳನ್ನು ಸ್ವಲ್ಪ ಗಮನವಿಟ್ಟು ಕೇಳಿದರೆ ಒಂದು ವಿಚಿತ್ರ ಕಾಣುತ್ತದೆ. ಮೆಚ್ಚುಗೆ ಬಹಳಷ್ಟಿದೆ, ಚಿತ್ರ ಮಾತ್ರ ಅದರಲ್ಲಿ ಕಾಣೆಯಾಗಿದೆ.

ಮೆಚ್ಚುಗೆಯಲ್ಲಿ ಸಾಮಾನ್ಯವಾಗಿ ಎರಡು ಬಗೆ. ಒಂದು, 'ನೋಡಿ, ಅಪ್ಪುಗೆಯಿಲ್ಲ, ಅರೆಬೆತ್ತಲೆಯಿಲ್ಲ, ಹಾಡು ಕುಣಿತವಿಲ್ಲ. ಆದರೂ ಎಷ್ಟು ಚೆನ್ನಾಗಿ ತೆಗೆದಿದ್ದಾರೆ, ಮನೆಮಂದಿಯೆಲ್ಲ ಕೂತು ನೋಡಬಹುದು' ಎನ್ನುವುದು. ಇದು ಹೆಚ್ಚಾಗಿ ನಮ್ಮ ಸಮುದಾಯದ ಒಳಗಿನಿಂದ ಬರುವ ಮಾತು. ಇನ್ನೊಂದು, 'ಅಂಥ ಕಟ್ಟುಪಾಡಿನ ದೇಶದಲ್ಲಿ ಪ್ರಭುತ್ವವನ್ನು ಎದುರು ಹಾಕಿಕೊಂಡು ಎಂಥ ಚಿತ್ರ ಮಾಡಿದ್ದಾರೆ' ಎನ್ನುವುದು. ಇದು ಹೆಚ್ಚಾಗಿ ಹೊರಗಿನಿಂದ ಬರುತ್ತದೆ. ಮೊದಲನೆಯವರಿಗೆ ಇರಾನಿ ಸಿನಿಮಾ ತಮ್ಮ ಪರವಾದ ವಕೀಲ. ಎರಡನೆಯವರಿಗೆ ಅದು ಇರಾನಿನ ವಿರುದ್ಧದ ಸಾಕ್ಷಿ. ಇಬ್ಬರೂ ಚಿತ್ರವನ್ನು ಕಟಕಟೆಗೆ ಕರೆದು ತಮಗೆ ಬೇಕಾದ ಹೇಳಿಕೆಯನ್ನು ಬರೆಸಿಕೊಂಡು ಕಳಿಸಿಬಿಡುತ್ತಾರೆ. ಪರದೆಯ ಮೇಲೆ ಏನು ನಡೆಯಿತು ಎಂದು ಕೇಳಿದರೆ ಇಬ್ಬರ ಬಳಿಯೂ ಹೆಚ್ಚಿನ ಉತ್ತರವಿರುವುದಿಲ್ಲ.

ಮೊದಲ ಬಗೆಯ ಮೆಚ್ಚುಗೆಯನ್ನೇ ತೆಗೆದುಕೊಳ್ಳೋಣ. 1979ರ ಕ್ರಾಂತಿಯ ನಂತರ ಇರಾನಿನ ಪರದೆಯ ಮೇಲೆ ಹೆಣ್ಣು ತಲೆ ಮುಚ್ಚಿಕೊಂಡೇ ಕಾಣಬೇಕಾಯಿತು. ಬೀದಿಯ ದೃಶ್ಯದಲ್ಲಿ ಇದು ಸಹಜವಾಗಿ ಕಾಣಬಹುದು. ಆದರೆ ಮನೆಯೊಳಗೆ, ತನ್ನ ಗಂಡನ ಎದುರು, ಹೆತ್ತ ಮಕ್ಕಳ ಎದುರು, ಮಲಗುವ ಕೋಣೆಯಲ್ಲಿಯೂ ಪಾತ್ರದ ತಲೆಯ ಮೇಲೆ ಬಟ್ಟೆ ಇರುತ್ತದೆ. ಯಾವ ಮುಸ್ಲಿಮ್ ಮನೆಯಲ್ಲಿ ಹೆಂಗಸರು ಹಾಗಿರುತ್ತಾರೆ? ಧರ್ಮವೂ ಅದನ್ನು ಕೇಳುವುದಿಲ್ಲ. ನಟಿ ಮತ್ತು ನಟ ನಿಜದಲ್ಲಿ ಗಂಡಹೆಂಡಿರಲ್ಲ, ನೋಡುವವರು ಪರಕೀಯರು ಎಂಬ ಕಾರಣಕ್ಕೆ ಹುಟ್ಟಿದ ಸರ್ಕಾರಿ ನಿಯಮ ಅದು. ಅದನ್ನು ಕಲಾವಿದನ ಸಂಸ್ಕಾರವೆಂದು ಹೊಗಳುವುದು, ಬೇಲಿಯನ್ನು ನೋಡಿ ತೋಟವನ್ನು ಹೊಗಳಿದ ಹಾಗೆ. ಒಳಗಿನ ದೃಶ್ಯಗಳು ಹೀಗೆ ಕೃತಕವಾಗುತ್ತವೆಂದೇ ಹಲವು ನಿರ್ದೇಶಕರು ಬೀದಿಗೆ, ಹೊಲಕ್ಕೆ, ಕಾರಿನೊಳಕ್ಕೆ ಕ್ಯಾಮೆರಾ ಒಯ್ದರು.

ಮಕ್ಕಳ ಕಥೆಗಳಿಗೂ ಕ್ರಾಂತಿಯೇ ಕಾರಣವೆಂದು ತಿಳಿಯುವವರಿದ್ದಾರೆ. ಅದೂ ಪೂರ್ಣ ಸತ್ಯವಲ್ಲ. ಮಕ್ಕಳ ಮತ್ತು ಕಿಶೋರರ ಬೌದ್ಧಿಕ ಬೆಳವಣಿಗೆಗಾಗಿ ತೆಹರಾನಿನಲ್ಲಿ 'ಕಾನೂನ್' ಎಂದು ಕರೆಯಲಾಗುವ ಸಂಸ್ಥೆ ಆರಂಭವಾದದ್ದು 1965ರಲ್ಲಿ, ಷಾನ ಕಾಲದಲ್ಲಿ. ಅಬ್ಬಾಸ್ ಕಿಯಾರೊಸ್ತಮಿ ತಮ್ಮ ಮೊದಲ ಕಿರುಚಿತ್ರ 'ರೊಟ್ಟಿ ಮತ್ತು ಓಣಿ'ಯನ್ನು 1970ರಲ್ಲಿ ಮಾಡಿದ್ದು ಅಲ್ಲಿಯೇ. ಅದಕ್ಕೂ ಮೊದಲು, 1969ರಲ್ಲಿ, ದಾರಿಯೂಶ್ ಮೆಹರ್ಜುಯಿ 'ಹಸು' ಎಂಬ ಚಿತ್ರ ಮಾಡಿದ್ದರು. ಊರಿಗೆಲ್ಲ ಇದ್ದ ಒಂದೇ ಹಸುವಿನ ಒಡೆಯ, ಅದು ಸತ್ತ ಮೇಲೆ ತಾನೇ ಹಸುವೆಂದು ನಂಬಿ ಕೊಟ್ಟಿಗೆಯಲ್ಲಿ ಹುಲ್ಲು ತಿನ್ನತೊಡಗುವ ಕಥೆ. ದೇಶದ ಬಡತನ ಹೊರಗೆ ಕಾಣುತ್ತದೆಂದು ಷಾ ಸರ್ಕಾರವೇ ಅದನ್ನು ಕೆಲಕಾಲ ತಡೆದಿತ್ತು. ಅಂದರೆ ಈ ಸಿನಿಮಾದ ಬೇರು ಕ್ರಾಂತಿಗಿಂತ ಹಳೆಯದು, ಅದನ್ನು ತಡೆಯುವ ಕೈಯೂ ಹಳೆಯದು.

ಎರಡನೆಯ ಬಗೆಯ ಮೆಚ್ಚುಗೆಯಲ್ಲಿ ಸತ್ಯವಿಲ್ಲವೆಂದಲ್ಲ. 2010ರಲ್ಲಿ ಜಾಫರ್ ಪನಾಹಿಯವರಿಗೆ ಇಪ್ಪತ್ತು ವರ್ಷ ಚಿತ್ರ ಮಾಡಬಾರದೆಂಬ ಶಿಕ್ಷೆ ಆಯಿತು. ಅವರು ಮನೆಯೊಳಗೇ ಕೂತು 'ಇದು ಸಿನಿಮಾ ಅಲ್ಲ' ಎಂಬ ಹೆಸರಿನ ಚಿತ್ರ ಮಾಡಿ 2011ರಲ್ಲಿ ಜಗತ್ತಿಗೆ ತೋರಿಸಿದರು. 2015ರಲ್ಲಿ ಟ್ಯಾಕ್ಸಿ ಚಾಲಕನ ವೇಷದಲ್ಲಿ ತೆಹರಾನನ್ನು ಸುತ್ತಿ ಮಾಡಿದ ಚಿತ್ರಕ್ಕೆ ಬರ್ಲಿನ್ನಿನಲ್ಲಿ ಸ್ವರ್ಣ ಕರಡಿ, 2025ರಲ್ಲಿ ಮತ್ತೊಂದು ಚಿತ್ರಕ್ಕೆ ಕಾನ್‌ನಲ್ಲಿ ಪಾಮ್ ದೋರ್ ಬಂತು. ಈ ಧೈರ್ಯಕ್ಕೆ ತಲೆಬಾಗಲೇಬೇಕು. ಆದರೆ ನಿರ್ದೇಶಕನ ಧೈರ್ಯವೇ ಚಿತ್ರದ ಗುಣವಲ್ಲ. ಜೈಲಿಗೆ ಹೋಗಿ ಬಂದವನ ಕವಿತೆಯೆಲ್ಲ ಒಳ್ಳೆಯ ಕವಿತೆಯಾಗಬೇಕಿಲ್ಲ. ಜೈಲು ಕಾಣದವನ ಕವಿತೆ ಹೇಡಿಯದೂ ಆಗಬೇಕಿಲ್ಲ. ಪ್ರತಿ ಚಿತ್ರದಲ್ಲೂ ಸರ್ಕಾರದ ವಿರುದ್ಧದ ಗುಪ್ತ ಸಂಕೇತವನ್ನೇ ಹುಡುಕುತ್ತ ಕೂತವನಿಗೆ, ಎದುರಿಗೆ ಓಡುತ್ತಿರುವ ಎಂಟು ವರ್ಷದ ಹುಡುಗ ಹುಡುಗನಾಗಿ ಕಾಣುವುದೇ ಇಲ್ಲ.

ಆ ಹುಡುಗನನ್ನೇ ಈಗ ನೋಡೋಣ. ಕಿಯಾರೊಸ್ತಮಿಯವರ 1987ರ ಚಿತ್ರ 'ಗೆಳೆಯನ ಮನೆ ಎಲ್ಲಿದೆ?' ಫಾರಸಿಯಲ್ಲಿ ಅದರ ಹೆಸರು 'ಖಾನೆ-ಯೆ ದೂಸ್ತ್ ಕೊಜಾಸ್ತ್'. ಸೊಹ್ರಾಬ್ ಸೆಪೆಹ್ರಿ ಎಂಬ ಕವಿಯಿಂದ ಪಡೆದ ಹೆಸರು ಅದು. ಉರ್ದು ಬಲ್ಲವರಿಗೆ ಇದರ ಅರ್ಥ ಹೇಳಬೇಕಿಲ್ಲ. ಉರ್ದು ಬಾರದ ಕನ್ನಡಿಗರಿಗೂ ದವಾಖಾನೆ, ಕಾರಖಾನೆ, ಬಂದೀಖಾನೆಗಳ 'ಖಾನೆ' ಗೊತ್ತು, ದೋಸ್ತಿಯ 'ದೋಸ್ತ್' ಗೊತ್ತು. ಹೆಸರಿನಲ್ಲೇ ಅರ್ಧ ದಾರಿ ನಮಗೆ ಪರಿಚಿತ.

ಕಥೆ ಇಷ್ಟೇ. ಕೋಕರ್ ಎಂಬ ಹಳ್ಳಿಯ ಶಾಲೆ. ಮನೆಪಾಠವನ್ನು ನೋಟ್‌ಬುಕ್ಕಿನಲ್ಲಿ ಬರೆಯದೆ ಬಿಡಿ ಹಾಳೆಯಲ್ಲಿ ಬರೆದು ತಂದ ಹುಡುಗನ ಹಾಳೆಯನ್ನು ಮೇಷ್ಟ್ರು ಹರಿದು ಹಾಕುತ್ತಾರೆ. ಇನ್ನೊಮ್ಮೆ ಹೀಗಾದರೆ ಶಾಲೆಯಿಂದ ಹೊರಗೆ ಎನ್ನುತ್ತಾರೆ. ಪಕ್ಕದಲ್ಲಿ ಕೂತ ಅಹ್ಮದ್ ಮನೆಗೆ ಬಂದು ಚೀಲ ತೆರೆದರೆ ಆ ಗೆಳೆಯನ ನೋಟ್‌ಬುಕ್ಕು ತನ್ನ ಬಳಿಯೇ ಇದೆ. ಅದನ್ನು ಕೊಟ್ಟು ಬರಬೇಕು. ಗೆಳೆಯನ ಊರು ಪೊಶ್ತೆ, ಬೆಟ್ಟದ ಆಚೆ. ಅಮ್ಮನಿಗೆ ಹೇಳುತ್ತಾನೆ. ಅವಳು ಬಟ್ಟೆ ಒಗೆಯುತ್ತ, ತೊಟ್ಟಿಲು ತೂಗಲು ಹೇಳುತ್ತ, ಮೊದಲು ಪಾಠ ಬರೆ ಎನ್ನುತ್ತಾಳೆ. ಅವನು ಮತ್ತೆ ಹೇಳುತ್ತಾನೆ. ಅವಳು ಮತ್ತೆ ಅದನ್ನೇ ಹೇಳುತ್ತಾಳೆ. ಅವಳು ಕೆಟ್ಟ ತಾಯಿಯಲ್ಲ. ಅವಳಿಗೆ ಕೇಳಿಸುತ್ತಿಲ್ಲ, ಅಷ್ಟೆ. ಈ ದೃಶ್ಯದಲ್ಲಿ ಯಾರೂ ಕಿರುಚುವುದಿಲ್ಲ, ಹಿನ್ನೆಲೆ ಸಂಗೀತ ನಮ್ಮ ಕಣ್ಣೀರಿಗೆ ಕೈ ಚಾಚುವುದಿಲ್ಲ. ಆದರೂ ದೊಡ್ಡವರ ಲೋಕದಲ್ಲಿ ಮಗುವಿನ ಮಾತಿಗೆ ಎಷ್ಟು ಬೆಲೆ ಎಂಬುದು ಹೊಟ್ಟೆಯೊಳಗೆ ಇಳಿಯುತ್ತದೆ.

ಅಂಕುಡೊಂಕಾದ ಹಾದಿಯಲ್ಲಿ ಬೆಟ್ಟ ಹತ್ತಿ ಹೋಗಿ, ಗೆಳೆಯನ ಮನೆ ಸಿಗದೆ ಅಹ್ಮದ್ ಮರಳಿ ಬರುತ್ತಾನೆ. ಊರಲ್ಲಿ ಅಜ್ಜ ಅವನನ್ನು ತಡೆದು ಸಿಗರೇಟು ತರಲು ಕಳಿಸುತ್ತಾನೆ. ಅಜ್ಜನ ಜೇಬಿನಲ್ಲಿ ಸಿಗರೇಟು ಇದೆ. ಪಕ್ಕದವನಿಗೆ ಅವನು ವಿವರಿಸುತ್ತಾನೆ: ಸಿಗರೇಟಿಗಲ್ಲ, ಹುಡುಗ ಹೇಳಿದ್ದು ಕೇಳುವುದನ್ನು ಕಲಿಯಲೆಂದು. ತನ್ನಪ್ಪ ಕಾಸು ಕೊಡುವುದನ್ನು ಮರೆತರೂ ಹೊಡೆಯುವುದನ್ನು ಮರೆಯುತ್ತಿರಲಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಈ ಅಜ್ಜ ಇರಾನಿನವನೇ? ನಮ್ಮ ಊರುಗಳ ಜಗಲಿಗಳ ಮೇಲೆ, ಶಾಲೆಗಳಲ್ಲಿ, ಮದರಸಾಗಳಲ್ಲಿ ಈ ಅಜ್ಜನನ್ನು ನಾವು ನೋಡಿಲ್ಲವೇ? ವಿಧೇಯತೆ ಎಂಬುದು ಸದ್ಗುಣವೆಂದು ನಾವೆಲ್ಲ ಮಕ್ಕಳಿಗೆ ಕಲಿಸುತ್ತೇವೆ. ಈ ಚಿತ್ರದಲ್ಲಿ ಒಬ್ಬ ಹುಡುಗ ಗೆಳೆಯನಿಗಾಗಿ ತಾಯಿಯ ಮಾತು ಮೀರುತ್ತಾನೆ, ಕೊನೆಗೆ ರಾತ್ರಿ ಕೂತು ಗೆಳೆಯನ ಪಾಠವನ್ನೂ ತಾನೇ ಬರೆದು ಮೇಷ್ಟ್ರನ್ನು ಮೋಸ ಮಾಡುತ್ತಾನೆ. ಆ ಮೋಸದ ನೋಟ್‌ಬುಕ್ಕಿನ ಹಾಳೆಗಳ ನಡುವೆ ಒಂದು ಒಣಗಿದ ಹೂವಿರುತ್ತದೆ. ದಾರಿ ತೋರಿಸಲು ಬಂದ ಮುದುಕ ಬಡಗಿ ಕೊಟ್ಟದ್ದು. 'ಮನೆಮಂದಿಯೆಲ್ಲ ಕೂತು ನೋಡಬಹುದು' ಎಂದು ಹೊಗಳುವವರು ಈ ಚಿತ್ರ ಮನೆಯ ಯಜಮಾನನಿಗೇ ಏನು ಹೇಳುತ್ತಿದೆ ಎಂಬುದನ್ನು ಕೇಳಿಸಿಕೊಂಡಿದ್ದಾರೆಯೇ ಎಂಬುದು ನಮ್ಮ ಅನುಮಾನ. 'ಪ್ರಭುತ್ವ ವಿರೋಧಿ' ಎಂದು ಹೊಗಳುವವರೂ ಅಷ್ಟೇ. ಆ ಅಜ್ಜನನ್ನು ತೆಹರಾನಿನ ಆಡಳಿತಗಾರನೆಂದು ಓದಿಬಿಟ್ಟರೆ, ನಮ್ಮ ಜಗಲಿಯ ಅಜ್ಜ ತಪ್ಪಿಸಿಕೊಳ್ಳುತ್ತಾನೆ.

ಮೆಚ್ಚುವುದೆಂದರೆ ಎಲ್ಲವನ್ನೂ ಒಂದೇ ತೂಕಕ್ಕೆ ಹಾಕುವುದೂ ಅಲ್ಲ. ನಮ್ಮ ನಡುವೆ ಅತಿ ಹೆಚ್ಚು ಜನ ಕಣ್ಣೀರಿಟ್ಟ ಇರಾನಿ ಚಿತ್ರ ಬಹುಶಃ ಮಜೀದ್ ಮಜೀದಿಯವರ 'ಚಿಲ್ಡ್ರನ್ ಆಫ್ ಹೆವನ್' (1997). ಅಣ್ಣ ಅಲಿ ತಂಗಿಯ ಬೂಟು ಕಳೆಯುತ್ತಾನೆ; ಒಂದೇ ಜೊತೆ ಬೂಟನ್ನು ಇಬ್ಬರೂ ಹಂಚಿಕೊಂಡು ಬೆಳಗಿನ ಶಾಲೆಗೆ ಅವಳು, ಮಧ್ಯಾಹ್ನದ ಶಾಲೆಗೆ ಅವನು ಓಡುತ್ತಾರೆ. ಮೂರನೆಯ ಬಹುಮಾನ ಬೂಟೆಂದು ತಿಳಿದು ಓಟಕ್ಕೆ ನಿಂತ ಅಲಿ ಮೊದಲನೆಯವನಾಗಿ ಗೆದ್ದು ಸೋಲುತ್ತಾನೆ. ಆಸ್ಕರ್‌ನ ವಿದೇಶಿ ಚಿತ್ರಗಳ ವಿಭಾಗಕ್ಕೆ ನಾಮಕರಣಗೊಂಡ ಮೊದಲ ಇರಾನಿ ಚಿತ್ರ ಇದು. 2010ರಲ್ಲಿ ಪ್ರಿಯದರ್ಶನ್ ಇದೇ ಕಥೆಯನ್ನು ಹಿಂದಿಯಲ್ಲಿ 'ಬಂ ಬಂ ಬೋಲೆ' ಎಂದು ಮಾಡಿದರು. ಚಿತ್ರ ಸುಂದರವಾಗಿದೆ. ಆದರೆ ಆ ಸೌಂದರ್ಯದ ಬಗ್ಗೆಯೇ ನಮಗೊಂದು ತಕರಾರಿದೆ. ಇಲ್ಲಿ ಬಡತನ ಮಕ್ಕಳನ್ನು ಇನ್ನಷ್ಟು ಮುದ್ದಾಗಿಸುತ್ತದೆ, ಇನ್ನಷ್ಟು ಒಳ್ಳೆಯವರನ್ನಾಗಿಸುತ್ತದೆ. ಅಪ್ಪ ಮಸೀದಿಯ ಚಹಾಕ್ಕೆಂದು ಕೊಟ್ಟ ಸಕ್ಕರೆಯನ್ನು ಒಡೆಯುತ್ತ, ಅದರಲ್ಲಿ ಒಂದು ತುಣುಕನ್ನೂ ತಮ್ಮ ಚಹಾಕ್ಕೆ ಹಾಕಿಕೊಳ್ಳುವುದಿಲ್ಲ. ಈ ದೃಶ್ಯ ನಮ್ಮನ್ನು ತಟ್ಟುತ್ತದೆ, ನಿಜ. ಆದರೆ ಇಂಥ ಬಡವನನ್ನು ನೋಡಿ ಉಳ್ಳವನು ಕಣ್ಣೊರೆಸಿಕೊಂಡು ನೆಮ್ಮದಿಯಿಂದ ಮನೆಗೆ ಹೋಗಬಹುದು.

ಇದರ ಪಕ್ಕಕ್ಕೆ ವಿಟ್ಟೋರಿಯೊ ಡಿ ಸಿಕಾ ಅವರ 1948ರ 'ಬೈಸಿಕಲ್ ಥೀವ್ಸ್' ಇಟ್ಟು ನೋಡಿ. ರೋಮ್ ನಗರದಲ್ಲಿ ಸೈಕಲ್ ಕಳೆದುಕೊಂಡ ಅಪ್ಪ ಕೊನೆಗೆ ತಾನೇ ಒಂದು ಸೈಕಲ್ ಕದಿಯಲು ಹೋಗಿ, ಮಗನ ಕಣ್ಣೆದುರು ಸಿಕ್ಕಿಬಿದ್ದು ಏಟು ತಿನ್ನುತ್ತಾನೆ. ಬಡತನ ಅವನಿಂದ ಸೈಕಲ್ಲನ್ನಷ್ಟೇ ಅಲ್ಲ, ಮಗನ ಎದುರಿನ ಮಾನವನ್ನೂ ಕಸಿಯಿತು. ಅಲ್ಲಿಂದ ನೆಮ್ಮದಿಯಾಗಿ ಎದ್ದು ಹೋಗಲಾಗುವುದಿಲ್ಲ. ಮಜೀದಿಯವರ ಚಿತ್ರವನ್ನು ಪ್ರೀತಿಸುತ್ತಲೇ ಈ ಅಂತರವನ್ನು ಹೇಳಬಹುದು, ಹೇಳಬೇಕು. 'ನಮ್ಮವರ ಚಿತ್ರ' ಎಂಬ ಕಾರಣಕ್ಕೆ ತಕರಾರನ್ನು ನುಂಗಿಕೊಂಡರೆ ಅದು ಚಿತ್ರಕ್ಕೆ ತೋರಿಸುವ ಗೌರವವಲ್ಲ, ಕರುಣೆ.

ಧರ್ಮದ ಪ್ರಶ್ನೆಯನ್ನು ನೇರವಾಗಿ ಮುಟ್ಟಿದ ಚಿತ್ರವೆಂದರೆ ಅಸ್ಗರ್ ಫರ್ಹಾದಿಯವರ 'ಎ ಸೆಪರೇಷನ್' (2011). ಬರ್ಲಿನ್‌ನ ಸ್ವರ್ಣ ಕರಡಿಯನ್ನೂ ಮುಂದಿನ ವರ್ಷ ಆಸ್ಕರ್ ಅನ್ನೂ ಪಡೆದ ಈ ಚಿತ್ರವನ್ನು 'ಆಧುನಿಕರು ಮತ್ತು ಸಂಪ್ರದಾಯವಾದಿಗಳ ಸಂಘರ್ಷ' ಎಂದು ಒಂದು ಸಾಲಿನಲ್ಲಿ ಮುಗಿಸುವುದು ರೂಢಿ. ಮರೆವಿನ ರೋಗದ ಮುದುಕನನ್ನು ನೋಡಿಕೊಳ್ಳಲು ಬಂದ ಬಡ ಹೆಂಗಸು ರಜಿಯಾ, ಅವನು ಬಟ್ಟೆ ಹೊಲಸು ಮಾಡಿಕೊಂಡಾಗ ಪರಪುರುಷನನ್ನು ಮುಟ್ಟಿ ತೊಳೆಯಬಹುದೇ ಎಂದು ಫೋನ್ ಮಾಡಿ ಧಾರ್ಮಿಕ ಸಲಹೆ ಕೇಳುತ್ತಾಳೆ. ಈ ದೃಶ್ಯಕ್ಕೆ ನಗುವ ಪ್ರೇಕ್ಷಕರಿದ್ದಾರೆ. ಆದರೆ ಚಿತ್ರದ ಕೊನೆಯಲ್ಲಿ ಅದೇ ರಜಿಯಾ, ಸಾಲಗಾರರು ಮನೆಯಲ್ಲೇ ಕೂತಿರುವಾಗ, ಒಂದು ಪ್ರಮಾಣದಿಂದ ಕುಟುಂಬದ ಸಂಕಷ್ಟವೆಲ್ಲ ನೀಗಬಹುದಾಗಿದ್ದಾಗ, ಕುರ್‌ಆನಿನ ಮೇಲೆ ಕೈಯಿಟ್ಟು ತನಗೆ ಖಾತ್ರಿಯಿಲ್ಲದ ಮಾತನ್ನು ಹೇಳಲು ಒಪ್ಪುವುದಿಲ್ಲ. ಫೋನಿನಲ್ಲಿ ಕೇಳಿದ ಆ ಅಂಜಿಕೆಯೂ ಇಲ್ಲಿನ ಈ ನಿಲುವೂ ಒಂದೇ ಅಂತಃಕರಣದ್ದು. ವಿದ್ಯಾವಂತ ನಾದೆರ್ ಮಾತ್ರ ನ್ಯಾಯಾಧೀಶರ ಎದುರು ಸುಳ್ಳು ಹೇಳಿದವನು, ಮಗಳಿಂದಲೂ ಹೇಳಿಸಿದವನು. ಹಾಗೆಂದು ಚಿತ್ರ ನಾದೆರ್‌ನನ್ನು ಖಳನನ್ನಾಗಿ ಮಾಡುವುದಿಲ್ಲ. ತಂದೆಗೆ ಸ್ನಾನ ಮಾಡಿಸುತ್ತ ಅವನು ಅಳುವುದನ್ನೂ ನಾವು ನೋಡಿದ್ದೇವೆ. ಧರ್ಮವನ್ನು ಹೊಗಳಲು ಬಂದವರಿಗೂ ತೆಗಳಲು ಬಂದವರಿಗೂ ಈ ಚಿತ್ರ ಸುಲಭದ ತುತ್ತು ಕೊಡುವುದಿಲ್ಲ.

ಇಲ್ಲಿ ನಮ್ಮ ಕನ್ನಡದ್ದೇ ಒಂದು ಚಿತ್ರವನ್ನು ನೆನೆಯಬೇಕು. ಏಕೆಂದರೆ ಹೊರಗಿನವರ ಮನೆಯ ಕಥೆಯನ್ನು ನೋಡುವುದು ಹೇಗೆ ಎಂಬ ಪಾಠ ನಮಗೆ ಮೊದಲು ಸಿಕ್ಕಿದ್ದು ಅಲ್ಲಿ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಮಾಡಿದ 'ಘಟಶ್ರಾದ್ಧ'ದಲ್ಲಿಯೂ ಎಲ್ಲವನ್ನೂ ನೋಡುವವನು ಒಬ್ಬ ಹುಡುಗ, ನಾಣಿ. ವೇದಪಾಠಕ್ಕೆಂದು ಬಂದ ಅವನ ಕಣ್ಣೆದುರೇ ಯಮುನಕ್ಕ ಎಂಬ ವಿಧವೆ ಬಸಿರಾಗಿ, ಬಹಿಷ್ಕೃತಳಾಗಿ, ಬದುಕಿರುವಾಗಲೇ ಅವಳ ಶ್ರಾದ್ಧ ನಡೆಯುತ್ತದೆ. ಈ ಚಿತ್ರವನ್ನು ನೋಡುವಾಗ ಅಗ್ರಹಾರ ನಮ್ಮದಲ್ಲ, ಆ ಮಂತ್ರ ನಮ್ಮದಲ್ಲ ಎಂದು ನಾವು ಹೊರಗೆ ನಿಲ್ಲಲಿಲ್ಲ. ನಾಣಿಯ ಹೆದರಿಕೆ ನಮ್ಮ ಹೆದರಿಕೆಯಾಯಿತು. ಇದನ್ನು ಬ್ರಾಹ್ಮಣರ ವಿರುದ್ಧದ ಸಾಕ್ಷಿಯೆಂದಷ್ಟೇ ನೋಡಿದವರಿಗೆ ಯಮುನಕ್ಕ ಸಿಗಲಿಲ್ಲ. ಇದು ತಮಗೆ ಅವಮಾನವೆಂದು ಎದ್ದು ಹೋದವರಿಗೂ ಅವಳು ಸಿಗಲಿಲ್ಲ. ತಮ್ಮ ಮನೆಯ ಮೂಲೆಯಲ್ಲಿ ಕೂತ ಹೆಣ್ಣೊಬ್ಬಳನ್ನು ನೆನೆದವರಿಗೆ, ಅವರು ಯಾವ ಜಾತಿಯವರೇ ಆಗಲಿ, ಅವಳು ಸಿಕ್ಕಿದಳು. 2024ರಲ್ಲಿ ಈ ಚಿತ್ರ ಹೊಸದಾಗಿ ಸಂರಕ್ಷಿತಗೊಂಡು ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ ವಿಭಾಗದಲ್ಲಿ ಪ್ರದರ್ಶನ ಕಂಡಿತು. ಮಲೆನಾಡಿನ ಆ ಮನೆಯನ್ನು ಇಟಲಿಯ ಪ್ರೇಕ್ಷಕ ಹೇಗೆ ನೋಡಬೇಕೆಂದು ನಾವು ಬಯಸುತ್ತೇವೆಯೋ, ಕೋಕರಿನ ಮನೆಯನ್ನು ನಾವೂ ಹಾಗೆಯೇ ನೋಡಬೇಕಲ್ಲವೇ?

ಕೊನೆಯದಾಗಿ, ಸಿನಿಮಾ ಮೆಚ್ಚುವವನನ್ನೇ ಕುರಿತ ಒಂದು ಚಿತ್ರದ ಮಾತು. ಕಿಯಾರೊಸ್ತಮಿಯವರ 1990ರ 'ಕ್ಲೋಸ್ ಅಪ್' ನಿಜವಾಗಿ ನಡೆದ ಘಟನೆ. ಹುಸೇನ್ ಸಬ್ಜಿಯಾನ್ ಎಂಬ ಬಡವ, ಮುದ್ರಣದ ಕೆಲಸದವನು, ತೆಹರಾನಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿಗೆ ತಾನೇ ನಿರ್ದೇಶಕ ಮೊಹ್ಸಿನ್ ಮಖ್ಮಲ್‌ಬಾಫ್ ಎಂದು ಹೇಳಿಕೊಳ್ಳುತ್ತಾನೆ. ಅವನ ಕೈಯಲ್ಲಿದ್ದದ್ದು ಮಖ್ಮಲ್‌ಬಾಫ್ ಅವರ 'ಸೈಕಲ್ ಸವಾರ' ಚಿತ್ರದ ಪುಸ್ತಕ. ಹೆಂಡತಿಯ ಚಿಕಿತ್ಸೆಯ ಹಣಕ್ಕಾಗಿ ಹಗಲುರಾತ್ರಿ ಸೈಕಲ್ ತುಳಿಯುವ ಅಫ್ಘಾನ್ ನಿರಾಶ್ರಿತನ ಕಥೆ ಅದು. ಆ ಹೆಂಗಸಿನ ಕುಟುಂಬ ಅವನನ್ನು ಮನೆಗೆ ಕರೆಯುತ್ತದೆ, ಅವನ ಮುಂದಿನ ಚಿತ್ರದಲ್ಲಿ ನಟಿಸಲು ಸಿದ್ಧವಾಗುತ್ತದೆ. ಕೊನೆಗೆ ಅನುಮಾನ ಬಂದು ಪೊಲೀಸರಿಗೆ ಒಪ್ಪಿಸುತ್ತದೆ. ಪತ್ರಿಕೆಯಲ್ಲಿ ಸುದ್ದಿ ಓದಿದ ಕಿಯಾರೊಸ್ತಮಿ ವಿಚಾರಣೆಯನ್ನು ಚಿತ್ರೀಕರಿಸಲು ಅನುಮತಿ ಪಡೆದರು. ನಡೆದ ಘಟನೆಗಳನ್ನು ಅದೇ ಜನರಿಂದ ಮತ್ತೆ ಮಾಡಿಸಿದರು.

ನ್ಯಾಯಾಲಯದಲ್ಲಿ ಕಿಯಾರೊಸ್ತಮಿ ಅವನಿಗೆ ಹೇಳುತ್ತಾರೆ: ಒಂದು ಕ್ಯಾಮೆರಾ ನಿನ್ನ ಮುಖಕ್ಕೇ ಇದೆ, ಜನರಿಗೆ ನಂಬಲು ಕಷ್ಟವೆನಿಸುವುದನ್ನು ಅದಕ್ಕೆ ಹೇಳು ಎಂದು. ಅವನು ಹೇಳುತ್ತಾನೆ. ನಿರ್ದೇಶಕನ ಹೆಸರಿನಲ್ಲಿದ್ದಾಗ ಜನ ಅವನ ಮಾತು ಕೇಳುತ್ತಿದ್ದರು, ಗೌರವಿಸುತ್ತಿದ್ದರು. ಆ ಮನೆಯಿಂದ ಹೊರಬಂದೊಡನೆ ಅವನು ಮತ್ತೆ ಮಗನಿಗೆ ತಿಂಡಿ ಕೊಡಿಸಲಾಗದ ಅದೇ ಸಬ್ಜಿಯಾನ್. ಆ ಚಿತ್ರಗಳನ್ನು ಅವನು ಪ್ರೀತಿಸಿದ್ದೇಕೆಂದರೆ ಅವು ಅವನ ನೋವನ್ನು ಆಡಿದ್ದವು. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಮಾಡುವ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ, 2022ರಲ್ಲಿ, 'ಕ್ಲೋಸ್ ಅಪ್'ಗೆ ಹದಿನೇಳನೆಯ ಸ್ಥಾನ ಬಂತು. ನಮ್ಮ ಹುಡುಗರಿಗೆ ಈ ಅಂಕಿ ಬಾಯಿಪಾಠವಿದೆ. ಸಬ್ಜಿಯಾನ್ ಬಳಿ ಇಂಥ ಪಟ್ಟಿ ಇರಲಿಲ್ಲ. ಅವನ ಬಳಿ ಒಂದು ಚಿತ್ರವಿತ್ತು, ಅದು ತನಗೇನು ಮಾಡಿತು ಎಂಬ ಅರಿವಿತ್ತು. ಅವನು ಮಾಡಿದ್ದು ತಪ್ಪು; ಆದರೆ ಸಿನಿಮಾದ ಬಗ್ಗೆ ಅವನಾಡಿದ ಮಾತು ಸುಳ್ಳಲ್ಲ.

ಪಟ್ಟಿ ಬೇಡವೆಂದು ನಾವು ಹೇಳುತ್ತಿಲ್ಲ. ಯಾವ ಚಿತ್ರ ನೋಡಬೇಕೆಂದು ತಿಳಿಯಲು ಅದು ಬೇಕು. ನಿಯಮಗಳ ಚರಿತ್ರೆಯೂ ಬೇಕು, ನಿರ್ದೇಶಕರ ಸೆರೆವಾಸದ ಸುದ್ದಿಯೂ ಬೇಕು. ಆದರೆ ಪ್ರದರ್ಶನ ಮುಗಿದು ದೀಪ ಹತ್ತಿದ ಮೇಲೆ ಮೊದಲ ಮಾತು ಇವುಗಳದ್ದಾಗಬಾರದು. ಸಂವಾದ ನಡೆಸುವ ಗೆಳೆಯರಲ್ಲಿ ನಮ್ಮದೊಂದು ವಿನಂತಿ. ಬಂದವರನ್ನು ಮೊದಲು ಹೀಗೆ ಕೇಳಿ: ಏನು ನೋಡಿದಿರಿ? ಯಾವ ದೃಶ್ಯದಲ್ಲಿ ನಿಮ್ಮ ಮನೆ ನೆನಪಾಯಿತು? ಎಲ್ಲಿ ನಿಮಗೆ ಸಿಟ್ಟು ಬಂತು, ಅದು ಚಿತ್ರದ ಮೇಲೋ ನಿಮ್ಮ ಮೇಲೋ? ಇದಕ್ಕೆ ಉತ್ತರಿಸಲು ಯಾವ ಪದವಿಯೂ ಬೇಡ. ತೊಟ್ಟಿಲು ತೂಗುತ್ತ ಮಗನ ಮಾತು ಕೇಳಿಸಿಕೊಳ್ಳದ ತಾಯಿಯೊಬ್ಬಳು ಆ ಸಭೆಯಲ್ಲಿದ್ದು ಬಾಯಿ ತೆರೆದರೆ, ಅಂದಿನ ವಿಮರ್ಶೆ ಅವಳಿಂದ ಶುರುವಾಗಲಿ. ಉಳಿದವರು ಆಮೇಲೆ ಮಾತಾಡಬಹುದು.